ಕೇಳಿದವರಿಗೆ ಖರೇ ಹೇಳಿದ ಬುರ್ಹಾನುದ್ದೀನ್ ಸರ್

ರಾಯಚೂರು ಸೀಮೆಯಲ್ಲಿ ಆಸ್ಪತ್ರೆಯ ಯಂತ್ರಗಳನ್ನು ದುರಸ್ತಿ ಮಾಡುವವರು, ಮೊಬೈಲ್ ಗೋಪುರಗಳನ್ನು ಏರುವವರು, ಅಕ್ಕಿ ಗಿರಣಿಗಳಲ್ಲಿ ಬಣ್ಣಗೆಟ್ಟ ಕಾಳನ್ನು ಆರಿಸಿ ತೆಗೆಯುವ ಯಂತ್ರಗಳನ್ನು ನೋಡಿಕೊಳ್ಳುವವರು ಎಲ್ಲಿಯೇ ಒಂದೆಡೆ ಸೇರಲಿ, ಮಾತು ಯಾವ ದಾರಿ ಹಿಡಿದು ಹೊರಟರೂ ಕೊನೆಗೆ ಒಂದು ಹೆಸರಿನ ಬಳಿ ಬಂದು ನಿಲ್ಲುತ್ತದೆ. ಇಲೆಕ್ಟ್ರಾನಿಕ್ಸ್ ಎಂಬ ವಿದ್ಯೆಯನ್ನು ಈ ಭಾಗದ ಬಡವರ ಮಕ್ಕಳಿಗೆ, ಅವರ ಮಾತಿನಲ್ಲಿಯೇ, ಅವರ ಕೈಗೆ ಎಟಕುವಂತೆ ಕಲಿಸಿದ ಪೂಜ್ಯ ಗುರುಗಳಾದ ಶ್ರೀ ಬುರ್ಹಾನುದ್ದೀನ್ ಅವರ ಹೆಸರು ಅದು. ಸರ್ಕಾರಿ ಸೇವೆಯಿಂದ ಅವರು ನಿವೃತ್ತರಾಗಿರುವ ಈ ಸಂದರ್ಭದಲ್ಲಿ ಅವರ ಬೋಧನೆಯನ್ನು ಕುರಿತು ಬರೆಯುವಂತೆ ಅಭಿನಂದನ ಸಮಿತಿಯವರು ನನ್ನನ್ನು ಕೇಳಿದ್ದರು. ಆ ಕೆಲಸವನ್ನು ನನಗಿಂತ ಬಲ್ಲವರು ಇದೇ ಸಂಪುಟದಲ್ಲಿ ಮಾಡಿದ್ದಾರೆ. ನಾನು ಮೊದಲು ಅವರ ವಿದ್ಯಾರ್ಥಿನಿಯಾಗಿದ್ದವಳು, ಆಮೇಲೆ ಅವರ ಕೈಕೆಳಗೆ ದುಡಿದವಳು, ಅವರಿಗೆ ಅಮಾನತಿನ ಆದೇಶ ಬಂದ ದಿನ ಅದೇ ಕೋಣೆಯಲ್ಲಿ ಕುಳಿತಿದ್ದವಳು. ಆ ಕಾಲದ ಬಗ್ಗೆ ಊರಿನಲ್ಲಿ ತರಹೇವಾರಿ ಮಾತುಗಳು ಓಡಾಡಿವೆ. ಎಲ್ಲವೂ ಒಳಿತಾಗಿ ಮುಗಿದು, ಅವರ ಮನೆಯವರೂ ನಾವೂ ಉಸಿರು ಬಿಟ್ಟು ಕುಳಿತಿರುವ ಈ ಹೊತ್ತಿನಲ್ಲಿ, ನಡೆದದ್ದನ್ನು ನಡೆದಂತೆ ಬರೆದಿಡುವುದೇ ನಾನು ಅವರಿಗೆ ಸಲ್ಲಿಸಬಹುದಾದ ಗೌರವವೆಂದು ಭಾವಿಸಿದ್ದೇನೆ.

ಗುರುಗಳು ಹುಟ್ಟಿದ್ದು ಮಾನ್ವಿಯಲ್ಲಿ. ತಂದೆ ಗುಲಾಮ್ ರಸೂಲ್ ಸಾಹೇಬರಿಗೆ ಅಲ್ಲಿ ರೇಡಿಯೊ ಮತ್ತು ಮೈಕ್‌ಸೆಟ್ ದುರಸ್ತಿಯ ಅಂಗಡಿಯಿತ್ತು. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಅಂಗಡಿಗೆ ಬರುವವರಲ್ಲಿ ಅರ್ಧ ಜನರೊಡನೆ ತೆಲುಗು; ಹೀಗೆ ಮೂರು ಭಾಷೆಗಳ ನಡುವೆ ಬೆಳೆದ ಹುಡುಗ ರಾಯಚೂರಿಗೆ ಬಂದು ಓದಿ, ಸರ್ಕಾರಿ ಪಾಲಿಟೆಕ್ನಿಕ್ ಒಂದರಲ್ಲಿ ಉಪನ್ಯಾಸಕರಾದರು. ನಾನು ಅವರ ತರಗತಿಗೆ ಸೇರಿದಾಗ ದೇವದುರ್ಗದಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವವಳಾಗಿದ್ದೆ. ಬಸ್ಸು ತಡವಾದ ದಿನ ಪ್ರಯೋಗಾಲಯದ ಬಾಗಿಲಲ್ಲಿ ಅಳುಮೋರೆ ಹಾಕಿಕೊಂಡು ನಿಲ್ಲುತ್ತಿದ್ದೆ. ಅವರು ಒಮ್ಮೆಯೂ ಗದರಲಿಲ್ಲ. ನಮ್ಮ ತಂಡದ ಪ್ರಯೋಗವನ್ನು ಮಧ್ಯಾಹ್ನಕ್ಕೆ ಬದಲಿಸಿ, "ಬಸ್ಸಿಂದೇನು ತಪ್ಪಿಲ್ಲ, ನಿಂದೂ ತಪ್ಪಿಲ್ಲ, ರಸ್ತಾದ್ದು ತಪ್ಪು. ನಾವು ರಸ್ತಾಕ್ಕ ಪಾಠ ಹೇಳಾಕ ಬರಂಗಿಲ್ಲ, ಅದಕ್ಕ ವ್ಯಾಳ್ಯಾನ ಬದಲು ಮಾಡೀನಿ," ಎಂದರು.

ಯಂತ್ರಗಳೆಂದರೆ ಹೆದರುತ್ತಿದ್ದ ನಮಗೆ ಸ್ಕ್ರೂಡ್ರೈವರ್ ಕೈಗೆ ಕೊಟ್ಟು, "ಬಿಚ್ಚಿ ನೋಡ್ರಿ, ಅದೇನ್ ಕಚ್ಚಂಗಿಲ್ಲ," ಎನ್ನುವುದು ಅವರ ಪದ್ಧತಿ. ಒಂದು ವರ್ಷ ಹಾಸ್ಟೆಲ್ ಮುಚ್ಚಿದ ಸಮಯದಲ್ಲಿಯೇ ನನಗೆ ಮರುಪರೀಕ್ಷೆ ಬಂತು. ಆಗ ನನ್ನನ್ನು ತಮ್ಮ ಮನೆಯಲ್ಲಿ ಇರಿಸಿಕೊಂಡರು. ರಂಜಾನ್ ತಿಂಗಳು. ಮನೆಯವರೆಲ್ಲ ಉಪವಾಸವಿದ್ದರೂ ಅವರ ಪತ್ನಿ ದಾವಲ್ ಬೀ ಅಮ್ಮನವರು ನನಗೆಂದೇ ಮಧ್ಯಾಹ್ನ ರೊಟ್ಟಿ ಬಡಿದು ಪುಂಡಿಪಲ್ಯ ಮಾಡುತ್ತಿದ್ದರು. ಸಂಕೋಚದಿಂದ ಊಟ ಬೇಡವೆಂದರೆ, "ರೋಜಾ ನಮಗದ, ನಿನಗ ಪರೀಕ್ಷಾ ಅದ. ಸುಮ್ಮನ ಉಣ್ಣು," ಎಂದು ಗದರುತ್ತಿದ್ದರು. ಆ ಪರೀಕ್ಷೆಯಲ್ಲಿ ನಾನು ತೇರ್ಗಡೆಯಾದೆ. ಅದರಲ್ಲಿ ಆ ತಾಯಿಯ ಪಾಲೂ ಇದೆ.

ಮುಂದೆ ಹಲವು ವರ್ಷಗಳ ತರುವಾಯ, ನಗರದಲ್ಲಿಯೂ ತಾಲ್ಲೂಕು ಕೇಂದ್ರಗಳಲ್ಲಿಯೂ ಬೀದಿ ಕ್ಯಾಮೆರಾಗಳನ್ನು ಹಾಕಿ, ಅವುಗಳ ದೃಶ್ಯವನ್ನೆಲ್ಲ ಒಂದೇ ಕಡೆ ನೋಡುವ ನಿಗಾ ಕೇಂದ್ರವೊಂದು ರಾಯಚೂರಿನಲ್ಲಿ ಆರಂಭವಾಯಿತು. ಅದರ ತಾಂತ್ರಿಕ ಹೊಣೆಗೆ ಗುರುಗಳನ್ನು ನಿಯೋಜಿಸಲಾಯಿತು. ಗುತ್ತಿಗೆ ಆಧಾರದ ಸಹಾಯಕಿಯಾಗಿ ನಾನೂ ಅಲ್ಲಿಗೆ ಸೇರಿದೆ. ಗುರುಗಳು ಕ್ಯಾಮೆರಾಗಳ ವಿರೋಧಿಯೆಂದು ಆಮೇಲೆ ಕೆಲವರು ಆಡಿಕೊಂಡರು. ಅದು ಶುದ್ಧ ಸುಳ್ಳು. ಪ್ರತಿಯೊಂದು ಕಂಬದ ಜಾಗವನ್ನು ಅವರೇ ಬಿಸಿಲಿನಲ್ಲಿ ನಿಂತು ಗುರುತಿಸಿದ್ದರು. ರೈಲು ನಿಲ್ದಾಣದ ಮುಂದೆ ತಾಯಿಯ ಕೈತಪ್ಪಿದ ಮಗುವೊಂದು ಯಾವ ಆಟೋದ ಹಿಂದೆ ನಡೆದು ಹೋಯಿತೆಂದು ಪತ್ತೆಹಚ್ಚಿ, ಅದನ್ನು ತಾಯಿಯ ಮಡಿಲು ಸೇರಿಸಿದ ದಿನ ಇಡೀ ಕೇಂದ್ರಕ್ಕೆ ಸಿಹಿ ಹಂಚಿದವರು ಅವರು. ದೇವದುರ್ಗದ ಬಸ್ ನಿಲ್ದಾಣದ ತಿರುವಿನಲ್ಲಿ ಮೇಲಿಂದ ಮೇಲೆ ಅಪಘಾತಗಳಾಗುತ್ತಿದ್ದವೆಂದು ಅಲ್ಲಿಗೊಂದು ಕ್ಯಾಮೆರಾ ಬೇಕೆಂದು ಹಟ ಹಿಡಿದು ಹಾಕಿಸಿದವರೂ ಅವರೇ. ಮುಂದಿನದೆಲ್ಲ ಆ ಕ್ಯಾಮೆರಾದಿಂದಲೇ ಶುರುವಾಯಿತು.

ಒಂದು ಬೆಳಿಗ್ಗೆ ಪರದೆಯ ಮೇಲೆ ದೇವದುರ್ಗದ ತಿರುವು ಕಾಣಲಿಲ್ಲ. ಬದಲಿಗೆ ಎದುರಿನ ಕಟ್ಟಡದ ಮೆಟ್ಟಿಲು ಮತ್ತು ಮೇಲ್ಮಹಡಿಯ ಒಂದು ಬಾಗಿಲು ಕಾಣುತ್ತಿದ್ದವು. ಅದು ದುಡಿಯುವ ಹೆಣ್ಣುಮಕ್ಕಳ ಸಂಘದ ಕೋಣೆ. ಇಟ್ಟಂಗಿ ಭಟ್ಟಿಗಳಿಗೆ, ಕಟ್ಟಡದ ಕೆಲಸಕ್ಕೆ ಊರು ಬಿಟ್ಟು ಹೋಗುವವರು ತಮ್ಮ ಕಷ್ಟ ಹೇಳಿಕೊಳ್ಳಲು ಬರುತ್ತಿದ್ದ ಜಾಗ. ಬಾಲಮ್ಮ ಎಂಬ ಹಿರಿಯ ಹೆಂಗಸು ಅದನ್ನು ನಡೆಸುತ್ತಿದ್ದರು. ಗುರುಗಳು ಕೇಂದ್ರದ ಮುಖ್ಯಸ್ಥರ ಬಳಿ ಹೋಗಿ ವಿಚಾರಿಸಿದರು. ನಾನು ಕಡತ ಹಿಡಿದು ಹಿಂದೆಯೇ ನಿಂತಿದ್ದೆ.

"ಬುರ್ಹಾನ್ ಸಾಬ್, ನಾನೇ ತಿರುಗಿಸಾಕ ಹೇಳೀನಿ. ಆ ಸಂಘಕ್ಕ ಯಾರ್ಯಾರು ಬರ್ತಾರ ನೋಡಬೇಕಾಗ್ಯದ. ಆ ಫೋಟೊ ದಿನಾ ತಗದು ನನ್ನ ಕಂಪ್ಯೂಟರಿಗೆ ಹಾಕ್ರಿ," ಎಂದರು ಮುಖ್ಯಸ್ಥರು.

"ಹಂಗಾದ್ರ ಬರದು ಕೊಡ್ರಿ ಸರ್. ರಸ್ತಾ ಬಿಟ್ಟು ಮಂದಿ ಬಾಗಲಾ ನೋಡಬೇಕಂದ್ರ ಅದಕ್ಕೊಂದು ಕಾರಣ ಬೇಕಾಗ್ತದ," ಎಂದರು ಗುರುಗಳು.

ಮುಖ್ಯಸ್ಥರು ನಕ್ಕರು. "ಎಲ್ಲಾ ಬರದು ಕೊಡಾಕ ಆಗಂಗಿಲ್ರಿ. ನೀವು ಬ್ಯಾಡಂದ್ರ ಬಿಡ್ರಿ, ಬ್ಯಾರೆಯವರು ಮಾಡ್ತಾರ."

ಹಾಗೆಯೇ ಆಯಿತು. ಗುರುಗಳು ಆ ಫೋಟೊಗಳನ್ನು ಮುಟ್ಟಲಿಲ್ಲ. ಕ್ಯಾಮೆರಾವನ್ನು ರಸ್ತೆಯತ್ತ ತಿರುಗಿಸಬೇಕೆಂದು ಎರಡು ಸಲ ಲಿಖಿತವಾಗಿ ಕೋರಿದರು. ಉತ್ತರ ಬರಲಿಲ್ಲ. ಫೋಟೊಗಳನ್ನು ಬೇರೊಬ್ಬರು ತೆಗೆದು ಕೊಡುತ್ತಿದ್ದರು. ಅಲ್ಲಿಂದ ಅವು ಎಲ್ಲಿಗೆ ಹೋಗುತ್ತಿದ್ದವೆಂದು ನಮಗೆ ಯಾರಿಗೂ ತಿಳಿದಿರಲಿಲ್ಲ.

ಅದು ತಿಳಿದದ್ದು ಬಾಲಮ್ಮನವರು ಅರ್ಜಿ ಹಿಡಿದು ಸ್ವತಃ ಕೇಂದ್ರಕ್ಕೆ ಬಂದ ದಿನ. ಮಾಹಿತಿ ಹಕ್ಕಿನ ಅರ್ಜಿಗಳಿಗೆ ಉತ್ತರ ಕೊಡುವ ಹೊಣೆಯೂ ಗುರುಗಳದೇ ಆಗಿದ್ದರಿಂದ ಆಕೆಯನ್ನು ಅವರ ಮೇಜಿನ ಬಳಿಗೆ ಕಳಿಸಿದ್ದರು. ಆಕೆ ಕುಳಿತುಕೊಳ್ಳಲಿಲ್ಲ. ಸೆರಗನ್ನು ಬಿಗಿಯಾಗಿ ಹೊದ್ದು ನಿಂತೇ ಹೇಳಿದ ಸಂಗತಿ ಇದು. ಮೌನೇಶ್ವರಿ ಎಂಬ ದೇವದುರ್ಗದ ಕಡೆಯ ಹುಡುಗಿ ಪರಜಿಲ್ಲೆಯ ಇಟ್ಟಂಗಿ ಭಟ್ಟಿಯೊಂದರಲ್ಲಿ ದುಡಿಯುತ್ತಿದ್ದಳು. ಅವಳ ಜೊತೆಗಾರ ನಿಂಗರಾಜನ ಮೇಲೆ ಸುಟ್ಟ ಇಟ್ಟಂಗಿಯ ಗೋಡೆ ಕುಸಿದು ಅವನು ಅಲ್ಲಿಯೇ ಸತ್ತ. ಭಟ್ಟಿಯವರು ಹೆಣವನ್ನು ಗುಟ್ಟಾಗಿ ಮಣ್ಣು ಮಾಡಿ, ಅವನು ಯಾರಿಗೂ ಹೇಳದೆ ಓಡಿಹೋದನೆಂದು ಅವನ ತಾಯಿಗೆ ಹೇಳಿ ಕಳಿಸಿದರು. ಎಲ್ಲವನ್ನೂ ಕಣ್ಣಾರೆ ಕಂಡಿದ್ದ ಮೌನೇಶ್ವರಿ ಅಲ್ಲಿಂದ ತಪ್ಪಿಸಿಕೊಂಡು ಬಂದು ಸಂಘದಲ್ಲಿ ಸಾಕ್ಷಿ ನುಡಿದಳು. ಕೆಲವೇ ದಿನಗಳಲ್ಲಿ ಆಳುಗಳನ್ನು ಭಟ್ಟಿಗೆ ಕರೆದೊಯ್ಯುವ ಮೇಸ್ತ್ರಿ ಅವಳ ತಾಯಿಯ ಮನೆ ಬಾಗಿಲಿಗೆ ಬಂದ. ತನ್ನ ಫೋನಿನಲ್ಲಿ ಒಂದು ಫೋಟೊ ತೋರಿಸಿ, "ನಿನ್ನ ಮಗಳು ಈ ಮೆಟ್ಟಲಾ ಹತ್ತ್ಯಾಳ. ತಾನಾಗಿ ಇಳದು ಬಂದ್ರ ಚಲೋ, ಇಲ್ಲಂದ್ರ ನಾವು ಇಳಸ್ತೀವಿ," ಎಂದು ಬೆದರಿಸಿ ಹೋದ.

"ಸರ್ರ, ಆ ಫೋಟೊ ಮ್ಯಾಲಿಂದ ತಗದದ್ದು," ಎಂದರು ಬಾಲಮ್ಮ. "ಅಷ್ಟು ಮ್ಯಾಲ ನಿಮ್ಮ ಕ್ಯಾಮೆರಾ ಬಿಟ್ರ ಬ್ಯಾರೆ ಏನೂ ಇಲ್ರಿ. ನಮ್ಮ ಬಾಗಲದ ಫೋಟೊ ಮೇಸ್ತ್ರಿ ಕೈಗೆ ಹೆಂಗ ಹೋತು? ನಮಗ ಇಷ್ಟು ಹೇಳ್ರಿ. ಬಾಯಿಲೇ ಬ್ಯಾಡ, ಬರದು ಕೊಡ್ರಿ."

ಗುರುಗಳ ಮುಖ ಬಿಳಿಚಿಕೊಂಡದ್ದನ್ನು ನಾನು ಕಂಡೆ. ಅವರು ಎದ್ದು, ತಮ್ಮ ಕುರ್ಚಿಯನ್ನೇ ಆಕೆಯ ಕಡೆ ಎಳೆದು, "ಕುಂದರ್ರಿ ಅವ್ವಾ. ಮೊದಲ ಆ ಹುಡುಗಿ ಎಲ್ಲಿದ್ದಾಳ ಹೇಳಬ್ಯಾಡ್ರಿ, ಇಲ್ಲಿ ಯಾರಿಗೂ ಹೇಳಬ್ಯಾಡ್ರಿ. ಆಕಿನ್ನ ಇವತ್ತ ಜಾಗಾ ಬದಲು ಮಾಡ್ರಿ. ನಿಮಗ ಉತ್ತರ ನಾನು ಕೊಡ್ತೀನಿ," ಎಂದರು.

ಸಂಜೆ ಮನೆಗೆ ಹೋಗಿ ದಾವಲ್ ಬೀ ಅಮ್ಮನವರಿಗೆ ವಿಷಯ ತಿಳಿಸಿದರು. ತಾವು ತೊಂದರೆಗೆ ಸಿಲುಕಬಹುದು, ಕೆಲಸಕ್ಕೆ ಸಂಚಕಾರ ಬರಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಆಗ ತಾವು ಆಡಿದ ಮಾತನ್ನು ಆ ತಾಯಿಯೇ ನನಗೆ ಹೇಳಿದ್ದಾರೆ: "ನಾ ಅಂದೆ, ನೌಕರಿ ವಿಷಯ ನಾಳೆ ನೋಡೂಣು. ಆ ಹುಡುಗಿ ಇವತ್ತ ಎಲ್ಲಿ ಮಲಗ್ತಾಳ? ಮಾನ್ವಿ ಮನಿ ಖಾಲಿ ಅದ, ನಮ್ಮ ನಾದಿನಿ ಬಾಜೂಕ ಇದ್ದಾಳ. ನಾನೇ ಹೋಗಿ ಜೋಡಿ ಇರ್ತೀನಿ." ಮರುದಿನವೇ ಬಾಲಮ್ಮನವರು ಹುಡುಗಿಯನ್ನು ಮಾನ್ವಿಗೆ ತಲುಪಿಸಿದರು. ಮುಂದಿನ ಹಲವು ತಿಂಗಳು ಮೌನೇಶ್ವರಿ ಆ ಮನೆಯ ಮಗಳಂತೆ ಅಲ್ಲಿಯೇ ಇದ್ದಳು.

ಇತ್ತ ಕೇಂದ್ರದಲ್ಲಿ ಅರ್ಜಿಯ ಸುದ್ದಿ ತಿಳಿದ ಕೂಡಲೇ ಮುಖ್ಯಸ್ಥರು ದೇವದುರ್ಗದ ಕ್ಯಾಮೆರಾವನ್ನು ರಸ್ತೆಯತ್ತ ತಿರುಗಿಸಿದರು. ಬಳಿಕ ಗುರುಗಳನ್ನು ಕರೆದು, ನಮ್ಮೆಲ್ಲರ ಎದುರಿಗೆ, "ಕ್ಯಾಮೆರಾ ರಸ್ತಾ ನೋಡ್ತದ, ಫೋಟೊ ಯಾರಿಗೂ ಕೊಟ್ಟಿಲ್ಲ ಅಂತ ಬರದು ಸಹಿ ಮಾಡ್ರಿ," ಎಂದರು.

"ಈಗ ರಸ್ತಾ ನೋಡಾಕತ್ತದ ಅನ್ನೋದು ಖರೇ ಸರ್. ಆಕಿ ಕೇಳಿದ್ದು ಹೋದ ತಿಂಗಳದ್ದು."

"ಹಂಗಾದ್ರ ಭದ್ರತಾ ವಿಷಯ, ಹೇಳಾಕ ಬರಂಗಿಲ್ಲ ಅಂತ ಬರೀರಿ. ಮುಗೀತಲ್ಲ."

"ಯಾರ ಭದ್ರತಾ ಸರ್? ಒಂದು ಹುಡುಗಿ ಜೀವಾ ಹೋಗೋ ಹಂಗ ಆಗ್ಯದ. ಜೀವದ ಪ್ರಶ್ನೆ ಇದ್ರ ಎರಡು ದಿನದಾಗ ಉತ್ತರ ಕೊಡಬೇಕಂತ ಕಾಯ್ದೆದಾಗೇ ಬರದಾರ. ನಾನು ಕೊಡ್ತೀನಿ."

"ಕೊಟ್ರ ಏನಾಗ್ತದ ಗೊತ್ತದ ಏನ್ರಿ ನಿಮಗ?"

"ಗೊತ್ತದ್ರಿ," ಎಂದು ಗುರುಗಳು ತಮ್ಮ ಮೇಜಿಗೆ ಮರಳಿದರು.

ಉತ್ತರ ಒಂದೇ ಪುಟದ್ದು. ಕ್ಯಾಮೆರಾವನ್ನು ಮುಖ್ಯಸ್ಥರ ಮೌಖಿಕ ಆದೇಶದಂತೆ ಸಂಘದ ಬಾಗಿಲಿನತ್ತ ತಿರುಗಿಸಲಾಗಿತ್ತು. ಒಳಗೆ ಹೋಗುವವರ ಚಿತ್ರಗಳನ್ನು ಪ್ರತಿ ಮಾಡಿ ಮುಖ್ಯಸ್ಥರಿಗೆ ಕೊಡಲಾಗುತ್ತಿತ್ತು. ಅಲ್ಲಿಂದ ಮುಂದೆ ಅವು ಯಾರಿಗೆ ಹೋದವೆಂಬ ಮಾಹಿತಿ ತಮ್ಮಲ್ಲಿಲ್ಲ. ತಮಗೆ ತಿಳಿಯದ್ದನ್ನು ಊಹಿಸಿ ಒಂದು ಪದವನ್ನೂ ಅವರು ಸೇರಿಸಲಿಲ್ಲ. ಅದರ ಪ್ರತಿಯನ್ನು ಮೇಲಿನ ಪ್ರಾಧಿಕಾರಕ್ಕೂ ತಾವೇ ಕಳಿಸಿ, ತನಿಖೆ ಮಾಡಬೇಕೆಂದು ಕೋರಿದರು.

ಆ ವಾರವೇ ಅಮಾನತಿನ ಆದೇಶ ಬಂತು. ಗೋಪ್ಯ ಮಾಹಿತಿಯನ್ನು ಹೊರಗೆ ಬಿಟ್ಟರೆಂಬುದು ಆರೋಪ. ಆದೇಶ ಓದಿದ ಗುರುಗಳು ಮೇಜಿನ ಮೇಲಿದ್ದ, ವಿದ್ಯುತ್ ಅಳೆಯುವ ತಮ್ಮ ಮಲ್ಟಿಮೀಟರನ್ನು ಚೀಲಕ್ಕೆ ಹಾಕಿಕೊಂಡು, ನಮ್ಮೆಲ್ಲರಿಗೂ ಕೈ ಮುಗಿದು ಹೊರಟರು. ಎದ್ದು ನಿಂತವರು ನಾವು ಇಬ್ಬರೋ ಮೂವರೋ. ಉಳಿದವರು ಪರದೆಗಳತ್ತ ಮುಖ ಮಾಡಿ ಕುಳಿತಿದ್ದರು. ಅವರನ್ನು ನಾನು ದೂರುವುದಿಲ್ಲ. ಎಲ್ಲರಿಗೂ ಮನೆಮಠಗಳಿದ್ದವು.

ಅಲ್ಲಿಂದ ಆರಂಭವಾದ ತಿಂಗಳುಗಳು ಆ ಕುಟುಂಬಕ್ಕೆ ಬಹಳ ಕಠಿಣವಾದವು. ಮದುವೆಗಳ ಆಮಂತ್ರಣ ನಿಂತಿತು. ತೀನ್ ಕಂದೀಲ್ ವೃತ್ತದ ಹೋಟೆಲಿನಲ್ಲಿ ಅವರೊಡನೆ ಚಹಾ ಕುಡಿಯುತ್ತಿದ್ದ ಗೆಳೆಯರು ಬೇರೆ ಹೋಟೆಲು ಹುಡುಕಿಕೊಂಡರು. ಅವರ ಓಣಿಯ ತುದಿಯಲ್ಲಿ ಬೈಕು ನಿಲ್ಲಿಸಿಕೊಂಡು ಒಬ್ಬ ದಿನವಿಡೀ ಅವರ ಬಾಗಿಲು ನೋಡುತ್ತಿದ್ದ. ಯಾರು ಕಳಿಸಿದವನೋ ಇಂದಿಗೂ ಖಚಿತವಾಗಿ ಗೊತ್ತಿಲ್ಲ. ನಾನು ಒಮ್ಮೆ ಭೇಟಿಗೆ ಹೋದಾಗ ರಾಯಚೂರಿನ ಬೇಸಿಗೆ ಉರಿಯುತ್ತಿತ್ತು. ಗುರುಗಳು ಒಂದು ತಂಬಿಗೆ ನೀರು ಹಿಡಿದು ನೇರವಾಗಿ ಅವನ ಬಳಿ ಹೋಗಿ, "ಬಿಸಲಾಗ ಯಾಕ ನಿಂತೀರಿ? ನೆರಳಿಗೆ ಬರ್ರಿ. ನಾನು ಎಲ್ಲಿಗೆ ಹೋಗ್ತೀನಿ, ಯಾವಾಗ ಬರ್ತೀನಿ ನಾನೇ ಹೇಳ್ತೀನಿ, ನಿಮಗೂ ತ್ರಾಸ ತಪ್ತದ," ಎಂದರು. ಆತ ನೀರು ಕುಡಿದು, ತಲೆ ತಗ್ಗಿಸಿ, ಬೈಕು ಹತ್ತಿ ಹೋದ. ಮರುದಿನ ಬೇರೊಬ್ಬ ಬಂದನಂತೆ.

ಅವರು ಹೊರಗೆ ತೋರಿಸಿಕೊಳ್ಳದಿದ್ದರೂ ಒಳಗೆ ಹೆದರಿದ್ದರು. ಒಂದು ದಿನ ನನ್ನೆದುರಿಗೇ ಅದನ್ನು ಹೇಳಿಕೊಂಡರು: "ಮಂಜುಳಾ, ನೌಕರಿ ಹೋದ್ರ ಹೋಗಲಿ. ಆ ಕ್ಯಾಮೆರಾ ಹಾಕಿಸಿದಾಂವ ನಾನೇ ಅಲ್ಲೇನವ್ವಾ? ಮಾನ್ವಿಯೊಳಗ ಆ ಹುಡುಗಿಗೆ ಏನರ ಆದ್ರ ಅದರ ಜೋಡಿ ನಾ ಹೆಂಗ ಬದುಕ್ಲಿ?" ವಿಚಾರಣೆಯಲ್ಲಿ ನಾನು ಕಂಡದ್ದನ್ನು ಕಂಡಂತೆ ಹೇಳುತ್ತೇನೆಂದು ಮಾತ್ರ ಹೇಳಿ ಬಂದೆ.

ವಿಚಾರಣೆ ಹೊರಜಿಲ್ಲೆಯಿಂದ ಬಂದ ಹಿರಿಯ ಮಹಿಳಾ ಅಧಿಕಾರಿಯೊಬ್ಬರ ಮುಂದೆ ರಾಯಚೂರಿನಲ್ಲಿಯೇ ನಡೆಯಿತು. ಮುಖ್ಯಸ್ಥರು ಯಾವ ಆದೇಶವನ್ನೂ ಕೊಟ್ಟಿಲ್ಲವೆಂದರು. ಕೊಟ್ಟಾಗ ನಾನು ಹಿಂದೆಯೇ ನಿಂತಿದ್ದೆನೆಂದು ನಾನು ಹೇಳಿಕೆ ಕೊಟ್ಟೆ. ಅದರ ನಂತರ ನನ್ನ ಗುತ್ತಿಗೆ ಮುಂದುವರಿಯಲಿಲ್ಲ. ಅದರ ಬಗ್ಗೆ ನನಗೆ ಖೇದವಿಲ್ಲ, ಯರಗೇರಾದ ವಿಶ್ವವಿದ್ಯಾಲಯದ ಆವರಣದಲ್ಲಿ ಈಗ ನನಗೆ ಇನ್ನೂ ಒಳ್ಳೆಯ ಕೆಲಸವಿದೆ. ಆದರೆ ನನ್ನೊಬ್ಬಳ ಮಾತಿನಿಂದ ಪ್ರಕರಣ ತಿರುಗುವ ಹಾಗಿರಲಿಲ್ಲ. ಫೋಟೊ ಕಂಡ ತಾಯಿಯೂ, ಫೋಟೊದಲ್ಲಿದ್ದ ಮಗಳೂ ಬಂದು ಹೇಳಬೇಕಿತ್ತು. ಅವರನ್ನು ಕರೆಸಬೇಡಿ, ಅಪಾಯವಾಗುತ್ತದೆ ಎಂದು ಗುರುಗಳೇ ತಮ್ಮ ವಕೀಲರನ್ನು ತಡೆದಿದ್ದರು.

ಎರಡನೆಯ ದಿನ ಬೆಳಿಗ್ಗೆ ಯಾರೂ ಕರೆಯದೆ ಅವರು ಬಂದರು. ದೇವದುರ್ಗದ ಬಸ್ಸಿನಿಂದ ಬಾಲಮ್ಮ, ಮೌನೇಶ್ವರಿಯ ತಾಯಿ, ಅವರೊಡನೆ ಸಂಘದ ಹೆಂಗಸರ ದೊಡ್ಡದೊಂದು ಗುಂಪು ಇಳಿದಿತ್ತು. ಸ್ವಲ್ಪ ಹೊತ್ತಿಗೆ ಮಾನ್ವಿ ಕಡೆಯಿಂದ ಬಂದ ಆಟೋದಲ್ಲಿ ದಾವಲ್ ಬೀ ಅಮ್ಮನವರು, ಅವರ ಪಕ್ಕದಲ್ಲಿ ಮೌನೇಶ್ವರಿ. ಅವಳನ್ನು ಕಂಡು ಗುರುಗಳು ಕುರ್ಚಿಯಿಂದ ಎದ್ದುಬಿಟ್ಟರು. "ಯಾಕ ಬಂದಿ ಯವ್ವಾ?" ಎಂದರೆ ಅವಳು, "ಅಡಗಿ ಕುಂತು ಸಾಕಾಗ್ಯದ್ರಿ ಸರ. ಎಲ್ಲಾರ ಮುಂದ ಹೇಳಿಬಿಟ್ರ ಆಮ್ಯಾಲ ನನಗ ಏನರ ಮಾಡಾಕ ಅವ್ರಿಗೇ ಅಂಜಿಕಿ ಆಗ್ತದ," ಎಂದಳು.

ಅವಳು ಹೇಳಿದಳು. ಭಟ್ಟಿಯಲ್ಲಿ ಕಂಡದ್ದನ್ನು, ನಿಂಗರಾಜನನ್ನು ಎಲ್ಲಿ ಹೂತರೆಂಬುದನ್ನು ತಡವರಿಸದೆ ಹೇಳಿದಳು. ಅವಳ ತಾಯಿ ಮೇಸ್ತ್ರಿ ತೋರಿಸಿದ ಫೋಟೊವನ್ನು ವಿವರಿಸಿದಳು. ಕೊನೆಗೆ ಅಧಿಕಾರಿಯವರು ಬಾಲಮ್ಮನವರನ್ನು, ಕಚೇರಿಯ ಗುಟ್ಟನ್ನು ಈ ನೌಕರರು ನಿಮಗೆ ಹೇಗೆ ತಿಳಿಸಿದರೆಂದು ಕೇಳಿದರು.

"ಗುಟ್ಟು ಹೇಳಲಿಲ್ರಿ ಮೇಡಂ," ಎಂದರು ಬಾಲಮ್ಮ. "ನಾವು ಕೇಳಿದ್ವಿ, ಅವ್ರು ಹೇಳಿದ್ರು. ನಮ್ಮ ಬಾಗಲಾ, ನಮ್ಮ ಮಾರಿ, ನಮ್ಮ ಹುಡುಗಿ. ನಮ್ಮ ಸುದ್ದಿ ನಮಗ ತಿಳಿಸಿದ್ರ ಅದು ಗುಟ್ಟು ಬಯಲು ಮಾಡಿದಂಗ ಹೆಂಗಾಗ್ತದ್ರಿ? ಮೇಸ್ತ್ರಿಗೆ ಫೋಟೊ ಕೊಟ್ಟವ್ರನ್ನ ಯಾರೂ ಇಲ್ಲಿ ನಿಲ್ಲಿಸಿ ಕೇಳವಲ್ರಿ."

ಅಧಿಕಾರಿಯವರು ಕನ್ನಡಕ ತೆಗೆದು ಮುಖ್ಯಸ್ಥರ ಕಡೆ ನೋಡಿದರು. ಅವರ ಮುಂದಿನ ಪ್ರಶ್ನೆಗಳೆಲ್ಲ ಮುಖ್ಯಸ್ಥರಿಗೇ ಇದ್ದವು. ಫೋನ್ ದಾಖಲೆಗಳನ್ನು ತರಿಸಲು ಅಲ್ಲಿಯೇ ಆಜ್ಞೆ ಮಾಡಿದರು. ಮುಖ್ಯಸ್ಥರ ಫೋನಿನಿಂದಲೇ ಚಿತ್ರಗಳು ಮೇಸ್ತ್ರಿಗೆ ಹೋಗಿದ್ದವೆಂಬುದು ಅವುಗಳಿಂದ ಸಾಬೀತಾಯಿತು.

ತೀರ್ಪಿಗಾಗಿ ಮತ್ತೆ ಬಹಳ ಕಾಯಬೇಕಾಯಿತು. ಅದು ಬಂದ ದಿನ ಗುರುಗಳ ಮನೆಯಲ್ಲಿ ನಾನಿದ್ದೆ. ಆದೇಶವನ್ನು ಅವರು ಎರಡು ಸಲ ಓದಿ, ದಾವಲ್ ಬೀ ಅಮ್ಮನವರ ಕೈಗೆ ಕೊಟ್ಟು, ಗೋಡೆಗೆ ಒರಗಿ ಕುಳಿತರು. ಅಮಾನತು ರದ್ದಾಗಿತ್ತು. ಆರೋಪಗಳು ಬಿದ್ದುಹೋಗಿದ್ದವು. ಅರ್ಜಿಗೆ ಕೊಟ್ಟ ಉತ್ತರ ಕಾಯ್ದೆಗೆ ತಕ್ಕುದಾಗಿತ್ತೆಂದು ಸ್ಪಷ್ಟವಾಗಿ ಬರೆದಿದ್ದರು. ಆ ತಾಯಿ ಕನ್ನಡ ಓದಲಾರರು. ಆದರೂ ಕಾಗದವನ್ನು ಹಿಡಿದುಕೊಂಡೇ ಒಳಗೆ ಹೋಗಿ, ಪಾತ್ರೆ ತೊಳೆಯುವ ನಲ್ಲಿ ಬಿಟ್ಟು, ಅದರ ಸದ್ದಿನಲ್ಲಿ ಮನಸಾರೆ ಅತ್ತರು. ಆಮೇಲೆ ಹೊರಗೆ ಬಂದು, "ಇವತ್ತ ಇವರು ಮಧ್ಯಾಹ್ನ ನಿದ್ದಿ ಮಾಡ್ತಾರ, ಎಬ್ಬಿಸಬ್ಯಾಡ್ರಿ," ಎಂದು ನಕ್ಕರು. ಗುರುಗಳು ಆಗಲೇ ಕುಳಿತಲ್ಲಿಯೇ ನಿದ್ದೆ ಹೋಗಿದ್ದರು.

ಮುಖ್ಯಸ್ಥರ ಮೇಲೂ ಮೇಸ್ತ್ರಿಯ ಮೇಲೂ ಈಗ ಮೊಕದ್ದಮೆ ನಡೆದಿದೆ. ನಿಂಗರಾಜನ ದೇಹವನ್ನು ಹೊರತೆಗೆದು ಅವನ ತಾಯಿಗೆ ಒಪ್ಪಿಸಲಾಯಿತು. ಮಗ ತನ್ನನ್ನು ಬಿಟ್ಟು ಓಡಿಹೋದನೆಂಬ ಸುಳ್ಳಿನಿಂದ ಆ ಮುದುಕಿಗೆ ಬಿಡುಗಡೆಯಾಯಿತು. ದುಃಖ ಉಳಿಯಿತು, ಆದರೆ ಅವನಿಗೆ ಮಣ್ಣು ಕೊಡುವ ಹಕ್ಕು ಅವಳಿಗೆ ಸಿಕ್ಕಿತು. ಮೌನೇಶ್ವರಿ ದೇವದುರ್ಗಕ್ಕೆ ಮರಳಿ ಶಾಲೆಯೊಂದರ ಬಿಸಿಯೂಟದ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಳೆ. ಹಾಡುಹಗಲಿನಲ್ಲಿ ಸಂತೆಗೆ ಹೋಗಿ ಬರುತ್ತಾಳೆ.

ಕೇಂದ್ರಕ್ಕೆ ಮರಳಿದ ಗುರುಗಳು ತಮ್ಮ ಸೇವೆಯ ಕೊನೆಯ ಅವಧಿಯನ್ನು ಒಂದೇ ಕೆಲಸಕ್ಕೆ ವಿನಿಯೋಗಿಸಿದರು. ಪ್ರತಿ ಕ್ಯಾಮೆರಾದ ಕೆಳಗೆ ಈಗ ಒಂದು ಫಲಕವಿದೆ. ಈ ಕ್ಯಾಮೆರಾ ಏನನ್ನು ನೋಡುತ್ತದೆ, ಯಾಕೆ ನೋಡುತ್ತದೆ, ಚಿತ್ರಗಳನ್ನು ಎಷ್ಟು ದಿನ ಇಡಲಾಗುತ್ತದೆ, ಸಂಶಯ ಬಂದರೆ ಯಾರನ್ನು ಕೇಳಬೇಕು ಎಂಬುದನ್ನು ಕನ್ನಡ, ಉರ್ದು, ತೆಲುಗುಗಳಲ್ಲಿ ಅದರ ಮೇಲೆ ಬರೆಯಿಸಿದ್ದಾರೆ. ಫಲಕದ ವಾಕ್ಯಗಳನ್ನು ಬಾಲಮ್ಮನವರಿಗೆ ಓದಿ ಹೇಳಿ, ಅವರಿಗೆ ಅರ್ಥವಾಗದ ಪದಗಳನ್ನೆಲ್ಲ ತೆಗೆದುಹಾಕಿದ ನಂತರವೇ ಅಚ್ಚಿಗೆ ಕಳಿಸಿದರೆಂಬುದನ್ನು ನಾನು ಬಲ್ಲೆ.

ನಿವೃತ್ತಿಯ ನಂತರ ವಿಶ್ರಾಂತಿ ತೆಗೆದುಕೊಳ್ಳುತ್ತಾರೆಂದು ಮನೆಯವರು ನಂಬಿದ್ದರು. ಅವರು ವಾರಕ್ಕೊಮ್ಮೆ ದೇವದುರ್ಗದ ಬಸ್ಸು ಹತ್ತಿ, ಸಂಘದ ಮೇಲ್ಮಹಡಿಗೆ ಹೋಗಿ, ಅಲ್ಲಿನ ಹೆಂಗಸರಿಗೆ ಕಚೇರಿಗಳಲ್ಲಿ ಮಾಹಿತಿ ಕೇಳುವುದು ಹೇಗೆಂದು ಕಲಿಸುತ್ತಿದ್ದಾರೆ. ಕಳೆದ ವಾರ ನಾನೂ ಜೊತೆಗೆ ಹೋಗಿದ್ದೆ. ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು, "ಸರ್ರ, ನೀವು ಕುರ್ಚಿ ಮ್ಯಾಲ ಇದ್ರಿ, ಉತ್ತರ ಕೊಟ್ರಿ. ಈಗ ನೀವೂ ರಿಟೈರ್ ಆದ್ರಿ. ಇನ್ ಮ್ಯಾಲ ಯಾರು ಕೊಡ್ತಾರ್ರಿ?" ಎಂದು ಕೇಳಿದಳು.

ಗುರುಗಳು ಸ್ವಲ್ಪ ಯೋಚಿಸಿದರು. "ಆ ಕುರ್ಚಿ ಮ್ಯಾಲ ಯಾರು ಕುಂತಾರೋ ಅವ್ರೇ ಕೊಡಬೇಕವ್ವಾ, ಅದು ಅವ್ರ ಕೆಲಸ. ಮೊದಲ ಸಲ ಕೊಡಲಿಲ್ಲಂದ್ರ ಎರಡನೇ ಸಲ ಕೇಳ್ರಿ. ನೀವು ಕೇಳೋದು ನಿಲ್ಲಿಸಿದ್ರ ಮಾತ್ರ ಅವ್ರಿಗೆ ರಜಾ ಸಿಗ್ತದ," ಎಂದರು. ಹೆಂಗಸರೆಲ್ಲ ನಕ್ಕರು, ಅವರೂ ನಕ್ಕರು. ಅವರು ಅಷ್ಟು ಹಗುರಾಗಿ ನಗುವುದನ್ನು ನಾನು ಕಂಡು ಬಹಳ ಕಾಲವಾಗಿತ್ತು.

ಆ ನಗು ಅವರ ಮನೆಯಲ್ಲಿ ನೆಲೆಯಾಗಿರಲಿ. ಗುರುಗಳೂ ಮಾತೆ ದಾವಲ್ ಬೀ ಅಮ್ಮನವರೂ ಆಯುರಾರೋಗ್ಯದಿಂದ ನೂರ್ಕಾಲ ಬಾಳಲಿ. ಅವರ ವಾರದ ಪಾಠಕ್ಕೆ ಸೇರುವವರು ಹೆಚ್ಚಲಿ, ಪಾಠ ಕೇಳಿ ಹೋದವರು ಈ ಜಿಲ್ಲೆಯ ಒಂದೊಂದು ಕಚೇರಿಯ ಬಾಗಿಲಲ್ಲಿಯೂ ನಿಂತು ಅಂಜದೆ ಪ್ರಶ್ನೆ ಕೇಳುವಂತಾಗಲಿ ಎಂದು, ಅವರ ಮನೆಯ ಅನ್ನವನ್ನೂ ವಿದ್ಯೆಯನ್ನೂ ಉಂಡ ಈ ಶಿಷ್ಯೆ ಹಾರೈಸುತ್ತಾಳೆ.

ಮಂಜುಳಾ
ಯರಗೇರಾ